ಸಂಗೀತ ಕ್ಲಾಸಿಗೆ ಸೇರುವ ಮುಂಚೆ: ಹಾಸನದ ಕಡೆಯವರು ಪದೇ ಪದೇ ಕೇಳುವ ಪ್ರಶ್ನೆಗಳು

ಶಾಲೆ ಶುರುವಾದಾಗ ಒಂದು ಸಲ, ವಿಜಯದಶಮಿ ಹತ್ತಿರ ಬಂದಾಗ ಇನ್ನೊಂದು ಸಲ, ನನಗೆ ಬರುವ ಫೋನುಗಳಲ್ಲಿ ಹೆಚ್ಚುಕಮ್ಮಿ ಇವೇ ಪ್ರಶ್ನೆಗಳು ಇರುತ್ತವೆ. ಹಾಸನ, ಆಲೂರು, ಬೇಲೂರು, ಸಕಲೇಶಪುರ, ಅರಸೀಕೆರೆ ಕಡೆಯ ಮನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಉತ್ತರ ಬರೆದಿದ್ದೇನೆ. ನಾನು ಪಿಟೀಲು ಕಲಿಸುವವಳು. ಮಾತು ಎಲ್ಲಾದರೂ ಪಿಟೀಲಿನ ಕಡೆಗೆ ಜಾಸ್ತಿ ವಾಲಿದರೆ ನೀವೇ ಸ್ವಲ್ಪ ಕಳೆದುಕೊಂಡು ಓದಿ.

ಮೊದಲು ವಾದ್ಯ ತಗೊಳ್ಳಬೇಕಾ, ಮೇಷ್ಟ್ರನ್ನು ಹುಡುಕಬೇಕಾ?

ಮೇಷ್ಟ್ರನ್ನು. ಇದೊಂದು ಉತ್ತರ ಓದಿ ಮಿಕ್ಕಿದ್ದನ್ನು ಬಿಟ್ಟರೂ ನನಗೆ ಬೇಜಾರಿಲ್ಲ.

ಬಹಳ ಮನೆಗಳಲ್ಲಿ ಇದು ತಿರುಗಾಮುರುಗಾ ಆಗುತ್ತದೆ. ಟೀವಿಯಲ್ಲಿ ಯಾರೋ ಒಂದು ಮಗು ವೀಣೆ ನುಡಿಸಿದ್ದು ಚೆನ್ನಾಗಿ ಕಂಡಿತು, ಮೈಸೂರಿಗೆ ಹೋಗಿ ವೀಣೆ ತಂದರು. ಆಮೇಲೆ ನೋಡಿದರೆ ಕಲಿಸುವವರು ಇರುವುದು ಊರಿನ ಇನ್ನೊಂದು ತುದಿಯಲ್ಲಿ, ಅದೂ ಸಂಜೆ ಏಳಕ್ಕೆ. ನಾಲ್ಕು ವಾರ ಹೋಗುತ್ತಾರೆ, ಐದನೇ ವಾರ ಮಳೆ. ವೀಣೆ ದಿವಾನದ ಪಕ್ಕ ಬಟ್ಟೆ ಹೊದ್ದು ಕೂತುಬಿಡುತ್ತದೆ.

ಹಾಗಾಗಿ ಮೊದಲು ನೋಡಬೇಕಾದದ್ದು, ವಾರಕ್ಕೆ ಎರಡು ಸಲ, ಕನಿಷ್ಠ ಒಂದು ಸಲ, ತಪ್ಪದೆ ಹೋಗಿಬರಬಹುದಾದ ದೂರದಲ್ಲಿ ಯಾರು ಕಲಿಸುತ್ತಾರೆ ಅಂತ. ಅವರು ಏನು ಕಲಿಸುತ್ತಾರೋ ಅದೇ ನಿಮ್ಮ ಪಟ್ಟಿ. ಆ ಪಟ್ಟಿಯಿಂದ ಮಗುವಿಗೆ ಇಷ್ಟವಾದದ್ದನ್ನು ಆರಿಸಿ. ಸಕಲೇಶಪುರದ ಆಚೆ ತೋಟದ ಮನೆಯಲ್ಲಿರುವವರಿಗೆ ಬಸ್ಸಿನ ಸಮಯವೂ ಸಂಗೀತದ ವಿಷಯವೇ. ಕೊನೇ ಬಸ್ಸು ತಪ್ಪುತ್ತದೆ ಅನ್ನುವ ಗಾಬರಿಯಲ್ಲಿ ಯಾರಿಗೂ ಪಾಠ ತಲೆಗೆ ಹೋಗುವುದಿಲ್ಲ.

ಒಳ್ಳೆಯ ಮೇಷ್ಟ್ರು ಅಂತ ಹೇಗೆ ಗೊತ್ತಾಗುತ್ತದೆ?

ಒಂದು ಪಾಠ ಸುಮ್ನೆ ಕೂತು ನೋಡಲು ಬಿಡುತ್ತಾರಾ ಅಂತ ಕೇಳಿ. ಬಿಡುವವರು ಬೇಕಾದಷ್ಟು ಜನ ಇದ್ದಾರೆ. ಅಲ್ಲಿ ಮೇಷ್ಟ್ರು ಎಷ್ಟು ಚೆನ್ನಾಗಿ ನುಡಿಸುತ್ತಾರೆ ಅನ್ನುವುದಕ್ಕಿಂತ, ಮಗು ತಪ್ಪು ಮಾಡಿದಾಗ ಏನು ಮಾಡುತ್ತಾರೆ ಅಂತ ನೋಡಿ. ನಿಲ್ಲಿಸಿ, ತಪ್ಪಿದ ಜಾಗವನ್ನು ಮಾತ್ರ ನಿಧಾನವಾಗಿ ಮೂರ್ನಾಲ್ಕು ಸಲ ಮಾಡಿಸಿದರೆ ಕಣ್ಣು ಮುಚ್ಚಿ ಸೇರಿಸಿ. ಹದಿನೈದು ಮಕ್ಕಳು ಒಟ್ಟಿಗೆ ಗಟ್ಟಿಯಾಗಿ ನುಡಿಸುತ್ತಿದ್ದು, ಯಾರು ಏನು ತಪ್ಪಿದರು ಅಂತ ಯಾರಿಗೂ ಕೇಳದಿದ್ದರೆ ಸ್ವಲ್ಪ ಯೋಚನೆ ಮಾಡಿ. ಹಾಡುಗಾರಿಕೆಗೆ ಗುಂಪಿನ ಪಾಠ ಪರವಾಗಿಲ್ಲ. ಪಿಟೀಲು, ಕೊಳಲಿಗೆ ಮೊದಲ ವರ್ಷ ಒಬ್ಬೊಬ್ಬರಿಗೆ ಹತ್ತು ನಿಮಿಷವಾದರೂ ಪ್ರತ್ಯೇಕ ಸಮಯ ಬೇಕೇ ಬೇಕು.

ಎಷ್ಟು ಬಿರುದು, ಎಷ್ಟು ಶಾಲು, ಗೋಡೆ ಮೇಲೆ ಎಷ್ಟು ಫೋಟೋ ಅನ್ನುವುದು ಇದಕ್ಕೆ ಸಂಬಂಧವಿಲ್ಲ.

ಎಷ್ಟನೇ ವಯಸ್ಸಿಗೆ ಶುರು ಮಾಡಬಹುದು?

ಹಾಡುವುದಕ್ಕೆ ಐದು ವರ್ಷವಾದರೆ ಸಾಕು. ಕೀಬೋರ್ಡಿಗೂ ಹಾಗೇ. ಪಿಟೀಲಿನಲ್ಲಿ ಮಕ್ಕಳ ಅಳತೆಯವು ಸಿಗುವುದರಿಂದ ಐದಾರು ವರ್ಷಕ್ಕೇ ಕೂರಿಸಬಹುದು. ಕೊಳಲಿಗೆ ಬೆರಳು ತೂತುಗಳನ್ನು ಪೂರ್ತಿ ಮುಚ್ಚಬೇಕು, ಉಸಿರೂ ನಿಲ್ಲಬೇಕು. ಎಂಟು ಒಂಬತ್ತು ವರ್ಷ ಆಗಲಿ. ಪೂರ್ತಿ ಅಳತೆಯ ವೀಣೆಗೆ ಕೈ ಚಾಚಿ ಕೂರಲು ಹತ್ತು ವರ್ಷವಾದರೆ ಅನುಕೂಲ.

ಮೂರು ವರ್ಷದ ಮಗು ಹಾಡು ಕೇಳಿ ಕುಣಿಯುತ್ತದೆ, ಈಗಲೇ ಸೇರಿಸಲಾ ಅಂತ ಕೇಳುವವರಿದ್ದಾರೆ. ಬೇಡಮ್ಮಾ, ಕುಣಿಯಲಿ ಬಿಡಿ.

ವಾದ್ಯ ಕಲಿಯುವ ಮುಂಚೆ ಹಾಡುಗಾರಿಕೆ ಕಲಿಯಲೇಬೇಕಾ?

ಕಡ್ಡಾಯ ಇಲ್ಲ. ಆದರೆ ಕರ್ನಾಟಕ ಸಂಗೀತದಲ್ಲಿ ವಾದ್ಯದ ಮೇಲೆ ನುಡಿಸುವುದೂ ಹಾಡನ್ನೇ. ಬಾಯಲ್ಲಿ ಸ್ವರ ಹೇಳಲು ಬಂದರೆ ಬೆರಳು ಎಲ್ಲಿ ತಪ್ಪಿತು ಅಂತ ಕಿವಿಯೇ ಹೇಳುತ್ತದೆ. ನನ್ನ ಹತ್ತಿರ ಬರುವ ಮಕ್ಕಳಿಗೆ ಮೊದಲ ಎರಡು ಮೂರು ತಿಂಗಳು ಪಿಟೀಲಿನ ಜೊತೆಗೆ ಸರಳೆ ವರಸೆ (ಸರಿಗಮದ ಮೊದಲ ಪಾಠ) ಹಾಡಿಸುತ್ತೇನೆ, ಕೈಯಲ್ಲಿ ತಾಳ ಹಾಕಿಸುತ್ತೇನೆ. ಮನೆಯಲ್ಲಿ ಯಾವ ವಾದ್ಯ ಅಂತ ಇನ್ನೂ ಜಗಳ ನಡೆಯುತ್ತಿದ್ದರೆ, ಅಲ್ಲಿವರೆಗೆ ಆರು ತಿಂಗಳು ಹಾಡುಗಾರಿಕೆಗೆ ಕಳಿಸಿ. ವಾದ್ಯದ ಖರ್ಚೂ ಇಲ್ಲ, ಕಲಿತದ್ದು ಯಾವ ವಾದ್ಯಕ್ಕಾದರೂ ಆಗುತ್ತದೆ.

ಕರ್ನಾಟಕ ಸಂಗೀತವಾ, ಹಿಂದೂಸ್ತಾನಿಯಾ, ಇಲ್ಲ ವೆಸ್ಟರ್ನಾ?

ನಮ್ಮ ಕಡೆ ಕರ್ನಾಟಕ ಸಂಗೀತದ ಮೇಷ್ಟ್ರುಗಳೇ ಜಾಸ್ತಿ. ಹಿಂದೂಸ್ತಾನಿ ಕಲಿಸುವವರು ಕಡಿಮೆ, ಇದ್ದರೂ ಹುಡುಕಬೇಕು. ಗಿಟಾರ್, ಕೀಬೋರ್ಡ್ ಕಲಿಸುವ ಕಡೆ ಪಾಶ್ಚಾತ್ಯ ಪದ್ಧತಿ ಇರುತ್ತದೆ, ಇಲ್ಲವೇ ಸಿನಿಮಾ ಹಾಡು. ಮೂರರಲ್ಲಿ ಯಾವುದೂ ಮೇಲಲ್ಲ, ಕೆಳಗಲ್ಲ. ಮನೆಯಲ್ಲಿ ಯಾವ ಸಂಗೀತ ಕೇಳುತ್ತೀರಿ ಅನ್ನುವುದು ಮುಖ್ಯ. ಭಾವಗೀತೆ, ಭಜನೆ ಇಷ್ಟ ಅಂದರೂ ಒಂದೆರಡು ವರ್ಷ ಶಾಸ್ತ್ರೀಯ ಪಾಠ ಆದರೆ ಶ್ರುತಿ, ತಾಳ ಎರಡೂ ಗಟ್ಟಿಯಾಗುತ್ತವೆ.

ವಾದ್ಯ ಎಲ್ಲಿಂದ ಬಂತು ಅಂತ ನೋಡಬೇಡಿ. ಪಿಟೀಲೇ ಹೊರಗಿಂದ ಬಂದದ್ದು. ಸುಮಾರು ಇನ್ನೂರು ವರ್ಷದ ಹಿಂದೆ ಬಾಲುಸ್ವಾಮಿ ದೀಕ್ಷಿತರು ಅದನ್ನು ಕರ್ನಾಟಕ ಸಂಗೀತಕ್ಕೆ ತಂದರು ಅನ್ನುತ್ತಾರೆ. ಕದ್ರಿ ಗೋಪಾಲನಾಥರು ಮೈಸೂರು ಅರಮನೆ ಬ್ಯಾಂಡಿನಲ್ಲಿ ಸ್ಯಾಕ್ಸೋಫೋನ್ ಕೇಳಿ ಮನಸೋತು, ಅದರಲ್ಲೇ ರಾಗ ನುಡಿಸಿದರು.

ಕೀಬೋರ್ಡ್ ಎಲ್ಲಕ್ಕಿಂತ ಸುಲಭ ಅಂತಾರೆ. ಹೌದಾ?

ಶುರು ಮಾಡಲು ಸುಲಭ. ಒತ್ತಿದರೆ ಸ್ವರ ಬರುತ್ತದೆ, ಅದೂ ಸರಿಯಾದ ಶ್ರುತಿಯಲ್ಲೇ ಬರುತ್ತದೆ. ಮಗುವಿಗೆ ಮೊದಲ ವಾರವೇ ಏನೋ ನುಡಿಸಿದ ಖುಷಿ ಸಿಗುತ್ತದೆ, ಅದು ಸಣ್ಣ ವಿಷಯವಲ್ಲ. ಸಿನಿಮಾ ಹಾಡು, ಭಾವಗೀತೆ, ಚರ್ಚಿನ ಹಾಡು, ಪಾಶ್ಚಾತ್ಯ ಸಂಗೀತ ಇವುಗಳಿಗೆ ಒಳ್ಳೆಯ ಆಯ್ಕೆ.

ಕರ್ನಾಟಕ ಸಂಗೀತಕ್ಕೆ ಬಂದರೆ ಕಷ್ಟ ಶುರು. ನಮ್ಮ ರಾಗಗಳ ಜೀವ ಗಮಕದಲ್ಲಿದೆ. ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುವುದು, ಸ್ವರವನ್ನು ತೂಗುವುದು. ಕೀಬೋರ್ಡಿನ ಮನೆಗಳು ಬಿಡಿ ಬಿಡಿ, ನಡುವಿನ ದಾರಿ ಇಲ್ಲ. ಹಾರ್ಮೋನಿಯಮ್ಮಿಗೂ ಇದೇ ದೂರು. ಆಕಾಶವಾಣಿಯವರು 1940ರಲ್ಲಿ ಅದನ್ನು ನಿಷೇಧಿಸಿ, ಮೂವತ್ತು ವರ್ಷ ಒಳಗೆ ಬಿಟ್ಟುಕೊಂಡಿರಲಿಲ್ಲ. ಅಷ್ಟು ಕಟ್ಟುನಿಟ್ಟು ಬೇಕಿತ್ತಾ ಅಂತ ನನಗೂ ಅನಿಸುತ್ತದೆ, ಅದು ಬೇರೆ ಮಾತು.

ತಗೊಳ್ಳುವುದಾದರೆ 61 ಕೀಗಳಿರುವುದನ್ನೇ ತಗೊಳ್ಳಿ. ಮೆಲ್ಲಗೆ ಒತ್ತಿದರೆ ಮೆಲ್ಲಗೆ, ಜೋರಾಗಿ ಒತ್ತಿದರೆ ಜೋರಾಗಿ ಕೇಳುವಂಥದ್ದೇ ಆಗಬೇಕು. ಅಂಗಡಿಯಲ್ಲಿ ಇದಕ್ಕೆ ಟಚ್ ಸೆನ್ಸಿಟಿವ್ ಅಂತ ಕೇಳಿದರೆ ಗೊತ್ತಾಗುತ್ತದೆ. ಇದಿಲ್ಲದ್ದು ಆಟದ ಸಾಮಾನು. ಬ್ಯಾಟರಿ ಹಾಕಿಯೂ ನಡೆಯುತ್ತದಾ ನೋಡಿ, ಮಳೆಗಾಲದಲ್ಲಿ ಕರೆಂಟಿನ ಕಥೆ ನಿಮಗೆ ಗೊತ್ತೇ ಇದೆ. ನೂರಾರು ಥರದ ಸದ್ದು, ರಿದಮ್ ಇದೆ ಅಂತ ಅಂಗಡಿಯವರು ಹೇಳುತ್ತಾರೆ. ಮಗು ಮೊದಲ ತಿಂಗಳು ಅದನ್ನೇ ಒತ್ತಿಕೊಂಡು ಕೂರುತ್ತದೆ, ಪಾಠಕ್ಕೆ ಅದರಿಂದ ಏನೂ ಆಗಬೇಕಾಗಿಲ್ಲ.

ಪಿಟೀಲು ಬಹಳ ಕಷ್ಟ ಅಲ್ವಾ?

ಮೊದಲ ವರ್ಷ ಕಷ್ಟ. ಮನೆಯವರಿಗೆ ಇನ್ನೂ ಕಷ್ಟ. ಕಮಾನು ತಂತಿಯ ಮೇಲೆ ನೇರವಾಗಿ ಎಳೆಯುವುದಕ್ಕೇ ತಿಂಗಳುಗಳು ಹಿಡಿಯುತ್ತವೆ, ಅಲ್ಲಿವರೆಗೆ ಕಿರಕಿರ ಶಬ್ದ ತಪ್ಪಿದ್ದಲ್ಲ. ಬೆರಳು ಎಲ್ಲಿಡಬೇಕು ಅನ್ನುವುದಕ್ಕೆ ಗಿಟಾರಿನ ಹಾಗೆ ಪಟ್ಟಿಗಳಿಲ್ಲ, ಕಿವಿಯೇ ಆಧಾರ. ಅದೇ ಕಾರಣಕ್ಕೆ ಪಿಟೀಲು ಕಲಿತವರ ಕಿವಿ ಚುರುಕಾಗುತ್ತದೆ. ಗಮಕವೂ ಹಾಡಿನಷ್ಟೇ ಸರಾಗವಾಗಿ ಬರುತ್ತದೆ.

ಅಳತೆ ನೋಡಿ ತಗೊಳ್ಳುವುದು ಬಹಳ ಮುಖ್ಯ. ಕಾಲು, ಅರ್ಧ, ಮುಕ್ಕಾಲು, ಪೂರ್ತಿ ಅಂತ ಅಳತೆಗಳಿವೆ. ಐದರಿಂದ ಏಳು ವರ್ಷಕ್ಕೆ ಕಾಲು, ಏಳರಿಂದ ಒಂಬತ್ತಕ್ಕೆ ಅರ್ಧ, ಒಂಬತ್ತರಿಂದ ಹನ್ನೊಂದಕ್ಕೆ ಮುಕ್ಕಾಲು, ಆಮೇಲೆ ಪೂರ್ತಿ. ಇದು ಅಂದಾಜು ಮಾತ್ರ. ಮಗು ಎಡಗೈ ಚಾಚಿದಾಗ ಪಿಟೀಲಿನ ತುದಿಯ ಸುರುಳಿ ಅಂಗೈಗೆ ಸಿಗಬೇಕು, ಮೊಣಕೈ ಸ್ವಲ್ಪ ಬಗ್ಗಿಯೇ ಇರಬೇಕು. "ಹೇಗೂ ಬೆಳೀತಾನೆ, ದೊಡ್ಡದೇ ಇರಲಿ" ಅಂತ ಶಾಲೆ ಯೂನಿಫಾರ್ಮ್ ಹೊಲಿಸಿದ ಹಾಗೆ ಪೂರ್ತಿ ಅಳತೆಯದ್ದು ತಂದರೆ ಹೆಗಲು ನೋವು ಗ್ಯಾರಂಟಿ.

ಪಿಟೀಲು ಪಾರ್ಸಲ್ಲಿನಲ್ಲಿ ಬಂತು. ತಂತಿ ಕೆಳಗಿನ ಮರದ ತುಂಡು ಬಿದ್ದುಹೋಗಿದೆ, ಕಮಾನು ಎಳೆದರೆ ಸದ್ದೇ ಇಲ್ಲ. ವಾಪಸ್ ಕಳಿಸಲಾ?

ತಡೀರಿ. ಆ ತುಂಡಿನ ಹೆಸರು ಕುದುರೆ. ಅದನ್ನು ಅಂಟಿಸಿರುವುದಿಲ್ಲ, ತಂತಿಗಳ ಒತ್ತಡದಲ್ಲೇ ನಿಂತಿರುತ್ತದೆ. ಸಾಗಿಸುವಾಗ ತಂತಿ ಸಡಿಲ ಮಾಡಿರುತ್ತಾರೆ, ಅದಕ್ಕೇ ಬಿದ್ದಿದೆ. ಮೇಷ್ಟ್ರು ಐದು ನಿಮಿಷದಲ್ಲಿ ನಿಲ್ಲಿಸಿಕೊಡುತ್ತಾರೆ. ಕಮಾನಿನಿಂದ ಸದ್ದು ಬರದಿರುವುದಕ್ಕೆ ಕಾರಣ ರೋಸಿನ್ ಹಚ್ಚದೆ ಇರುವುದು. ಪೆಟ್ಟಿಗೆಯಲ್ಲೇ ಜೇನಿನ ಬಣ್ಣದ ಸಣ್ಣ ಗಟ್ಟಿ ಇರುತ್ತದೆ. ಹೊಸ ಕಮಾನಿಗೆ ಅದನ್ನು ಚೆನ್ನಾಗಿ ಉಜ್ಜಬೇಕು. ಗಟ್ಟಿ ನುಣುಪಾಗಿ ಜಾರುತ್ತಿದ್ದರೆ ಮೊದಲು ಅದರ ಮೈಯನ್ನು ಸ್ವಲ್ಪ ತರಿ ಮಾಡಿ.

ಆದರೆ ಪಿಟೀಲನ್ನು ಅಲ್ಲಾಡಿಸಿದಾಗ ಒಳಗೆ ಏನೋ ಕಡ್ಡಿ ಉರುಳಾಡುವ ಸದ್ದು ಬಂದರೆ ವಿಷಯ ಬೇರೆ. ಕುದುರೆಯ ಹತ್ತಿರ ಒಳಗೆ ನಿಲ್ಲಿಸಿರುವ ಮರದ ಕಂಬ ಬಿದ್ದಿದೆ ಅಂತ ಅರ್ಥ. ತಂತಿ ಬಿಗಿಯಬೇಡಿ, ಮೇಲಿನ ಹಲಗೆ ಕುಸಿಯಬಹುದು. ಇದನ್ನು ರಿಪೇರಿ ಮಾಡುವವರೇ ನಿಲ್ಲಿಸಬೇಕು. ಇನ್ನೊಂದು ವಿಷಯ. ಪೆಟ್ಟಿಗೆ ಜೊತೆ ಬಂದ ಕಾಗದ ನೋಡಿ ನೀವೇ ಶ್ರುತಿ ಮಾಡಲು ಹೋಗಬೇಡಿ. ಅದರಲ್ಲಿರುವುದು ಪಾಶ್ಚಾತ್ಯ ಕ್ರಮ. ನಾವು ನಾಲ್ಕು ತಂತಿಗಳನ್ನು ಸ, ಪ, ಸ, ಪ ಅಂತ ಕೂಡಿಸುತ್ತೇವೆ. ಗೊತ್ತಿಲ್ಲದೆ ತಂತಿ ಬಿಗಿಯುವ ಬಿರಡೆ ತಿರುಗಿಸಿದರೆ ಸಣ್ಣ ತಂತಿ ಪಟ್ಟಂತ ಹೋಗುತ್ತದೆ.

ಗಿಟಾರ್?

ಹತ್ತು ದಾಟಿದ ಹುಡುಗರು, ಕಾಲೇಜಿನವರು ಕೇಳುವುದು ಇದನ್ನೇ. ಒಳ್ಳೆಯದೇ. ಮೊದಲ ಮೂರ್ನಾಲ್ಕು ವಾರ ಎಡಗೈ ಬೆರಳ ತುದಿ ಉರಿಯುತ್ತದೆ, ಆಮೇಲೆ ಚರ್ಮ ಗಟ್ಟಿಯಾಗುತ್ತದೆ. "ಅಮ್ಮ, ಬೆರಳು ನೋಯ್ತಿದೆ" ಅಂದರೆ ಗಾಬರಿ ಬೇಡ, ಹತ್ತು ಹತ್ತು ನಿಮಿಷ ಬಿಡಿಸಿ ನುಡಿಸಲಿ. ಚಿಕ್ಕವರಿಗೆ ನೈಲಾನ್ ತಂತಿಯದ್ದು ಮೆತ್ತಗಿರುತ್ತದೆ. ಅಂಗಡಿಯಲ್ಲಿ ತಂತಿಗೂ ಪಟ್ಟಿಗೂ ಎಷ್ಟು ಅಂತರ ಇದೆ ನೋಡಿ. ಜಾಸ್ತಿ ಅಂತರ ಇದ್ದರೆ ಒತ್ತುವುದಕ್ಕೇ ಬಲವೆಲ್ಲ ಹೋಗುತ್ತದೆ. ತೀರಾ ಅಗ್ಗದ ಗಿಟಾರುಗಳು ಸೋಲುವುದು ಇಲ್ಲೇ. ಮಕ್ಕಳು ತಮಗೇ ಕೈಲಾಗುವುದಿಲ್ಲ ಅಂದುಕೊಳ್ಳುತ್ತಾರೆ, ದೋಷ ವಾದ್ಯದ್ದು.

ವೀಣೆ ಕಲಿಯುವ ಆಸೆ. ಬಸ್ಸಿನಲ್ಲಿ ಹೊತ್ತುಕೊಂಡು ಹೋಗೋದು ಹೇಗೆ?

ಹೊರುವುದು ಬೇಡ. ವೀಣೆ ಕಲಿಸುವ ಮನೆಗಳಲ್ಲಿ ಕಲಿಯುವವರಿಗೆ ಅಂತಲೇ ಒಂದು ವೀಣೆ ಇರುತ್ತದೆ. ಅಲ್ಲಿ ಅದರಲ್ಲಿ ಪಾಠ, ಮನೆಯಲ್ಲಿ ನಿಮ್ಮದರಲ್ಲಿ ಅಭ್ಯಾಸ. ಸೇರುವ ಮುಂಚೆ ಇದನ್ನು ಕೇಳಿಕೊಳ್ಳಿ.

ವೀಣೆಯಲ್ಲಿ 24 ಮೆಟ್ಟಿಲುಗಳು, ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಮೆಟ್ಟಿಲು ಇರುವುದರಿಂದ ಸ್ವರಸ್ಥಾನ ಸಿಗುವುದು ಪಿಟೀಲಿಗಿಂತ ಬೇಗ. ಮೀಟಿದ ಕೂಡಲೇ ಕಿವಿಗೆ ಹಿತವಾದ ನಾದ ಬರುತ್ತದೆ, ಹಾಗಾಗಿ ದೊಡ್ಡವರಾದ ಮೇಲೆ ಶುರು ಮಾಡುವವರಿಗೆ ನಾನು ಇದನ್ನೇ ಹೇಳುತ್ತೇನೆ. ಒಂದು ಎಚ್ಚರಿಕೆ ಇದೆ. ಮೆಟ್ಟಿಲುಗಳು ಕೂತಿರುವುದು ಮೇಣದ ಮೇಲೆ. ಬಿಸಿಲಲ್ಲಿ ನಿಲ್ಲಿಸಿದ ಕಾರಿನಲ್ಲಿ ವೀಣೆ ಬಿಟ್ಟುಹೋದರೆ ಮೇಣ ಮೆತ್ತಗಾಗಿ ಮೆಟ್ಟಿಲು ಅಲುಗುತ್ತದೆ. ಆಮೇಲೆ ಮೇಳ ಕಟ್ಟಿಸಲು, ಅಂದರೆ ಮೆಟ್ಟಿಲುಗಳನ್ನು ಮತ್ತೆ ಕೂರಿಸಲು, ಮೈಸೂರಿಗೋ ಬೆಂಗಳೂರಿಗೋ ಓಡಾಟ.

ಅಂದಹಾಗೆ ವೀಣೆ ದೊರೆಸ್ವಾಮಿ ಅಯ್ಯಂಗಾರ್ಯರು ಹುಟ್ಟಿದ್ದು ನಮ್ಮ ಜಿಲ್ಲೆಯ ಗಡ್ಡವಳ್ಳಿಯಲ್ಲಿ. ಮೈಸೂರಿನವರು ಅವರನ್ನು ಪೂರ್ತಿ ತಮ್ಮವರು ಮಾಡಿಕೊಂಡಿದ್ದಾರೆ.

ಕೊಳಲು ಅಗ್ಗ ಅಲ್ವಾ, ಜಾತ್ರೆಯಲ್ಲಿ ಸಿಗುವುದನ್ನೇ ತಂದರೆ?

ಅದು ಶ್ರುತಿಗೆ ಕೂರುವುದಿಲ್ಲ. ಕರ್ನಾಟಕ ಪದ್ಧತಿಯ ಕೊಳಲಿಗೆ ಊದುವ ತೂತು ಬಿಟ್ಟು ಎಂಟು ತೂತುಗಳಿರುತ್ತವೆ. ಹಿಂದೂಸ್ತಾನಿ ಬಾನ್ಸುರಿ ಬೇರೆ. ಯಾವ ಶ್ರುತಿಯದ್ದು ಬೇಕು ಅಂತ ಮೇಷ್ಟ್ರನ್ನೇ ಕೇಳಿ, ಸಾಧ್ಯವಾದರೆ ಅವರ ಕೈಯಿಂದಲೇ ತರಿಸಿ. ಮೊದಲ ಒಂದೆರಡು ವಾರ ಬರೀ ಗಾಳಿ ಬರುತ್ತದೆ, ಸ್ವಲ್ಪ ತಲೆ ಸುತ್ತಿದ ಹಾಗೂ ಆಗುತ್ತದೆ. ಆಗ ನಿಲ್ಲಿಸಿ, ಕೂತು ಸುಧಾರಿಸಿಕೊಂಡು ಮತ್ತೆ ಊದಿ.

ಮಗ ಎಲ್ಲಾ ಕಡೆ ಬಡಿಯುತ್ತಾ ಇರ್ತಾನೆ. ಮೃದಂಗವಾ, ತಬಲಾವಾ?

ಕರ್ನಾಟಕ ಸಂಗೀತದ ಜೊತೆ ಮೃದಂಗ. ಹಿಂದೂಸ್ತಾನಿ, ಭಜನೆ, ಭಾವಗೀತೆ ಜೊತೆ ತಬಲಾ. ಯಾರು ಹತ್ತಿರದಲ್ಲಿ ಕಲಿಸುತ್ತಾರೆ ಅನ್ನುವುದೇ ಇಲ್ಲೂ ಮೊದಲು. ಮೃದಂಗದಲ್ಲಿ ಪಾಠ ಶುರುವಾಗುವುದು ತ, ದಿ, ತೊಂ, ನಂ ಅನ್ನುವ ನಾಲ್ಕು ಪಾಠಾಕ್ಷರಗಳಿಂದ, ಬಾಯಲ್ಲಿ ಹೇಳುತ್ತಾ ಕೈಯಲ್ಲಿ ನುಡಿಸುತ್ತಾ. ಮೇಜು ಬಡಿಯುವ ಹುಡುಗನಿಗೆ ಈ ಬಾಯಿಪಾಠ ಬೇಸರ ತರಬಹುದು. ಮೂರು ತಿಂಗಳು ತಾಳ್ಮೆಯಿಂದ ಕಳಿಸಿ ನೋಡಿ.

ಓಲಗದಲ್ಲಿ ಡೋಲು, ಹಬ್ಬದಲ್ಲಿ ತಮಟೆ ಕೇಳಿ ಕಾಲು ಕುಣಿಸುವ ಮಕ್ಕಳು ಇನ್ನೂ ಇದ್ದಾರೆ. ಅವನ್ನು ಕಲಿಸುವ ಕ್ಲಾಸುಗಳ ಬೋರ್ಡು ಕಾಣುವುದಿಲ್ಲ, ನುಡಿಸುವವರ ಮನೆಗೇ ಹೋಗಿ ಕೇಳಬೇಕು. ಕೇಳಿದರೆ ಸಂತೋಷದಿಂದ ಹೇಳಿಕೊಡುವವರಿದ್ದಾರೆ.

ಒಟ್ಟು ಎಷ್ಟು ಖರ್ಚು?

ಕಲಿಯುವವರ ಮಟ್ಟದ ವಾದ್ಯಕ್ಕೆ ಅಂದಾಜು ಹೇಳುತ್ತೇನೆ, ಅಂಗಡಿಯಿಂದ ಅಂಗಡಿಗೆ ಬದಲಾಗುತ್ತದೆ. ಕೊಳಲು ಐನೂರರಿಂದ ಎರಡು ಸಾವಿರ. ಗಿಟಾರ್, ಪಿಟೀಲು ಐದಾರು ಸಾವಿರದಿಂದ ಹತ್ತು ಸಾವಿರ. ಕೀಬೋರ್ಡ್ ಎಂಟು ಸಾವಿರದಿಂದ ಹದಿನೈದರವರೆಗೆ. ಮೃದಂಗ ಹತ್ತು ಸಾವಿರದ ಆಚೆ. ವೀಣೆಗೆ ಇಪ್ಪತ್ತೈದು ಮೂವತ್ತು ಸಾವಿರವಾದರೂ ಬೇಕು.

ಇದರ ಮೇಲೆ ಪ್ರತಿ ವರ್ಷದ ಖರ್ಚು ಇರುತ್ತದೆ, ಅದನ್ನು ಯಾರೂ ಲೆಕ್ಕ ಹಾಕಿರುವುದಿಲ್ಲ. ತಂತಿ, ರೋಸಿನ್, ಮೃದಂಗದ ಮುಚ್ಚಿಗೆ (ಬಾಯಿಗೆ ಬಿಗಿದ ಚರ್ಮ) ಬದಲಿಸುವುದು, ಬಸ್ ಚಾರ್ಜು. ಫೀಸು ಒಬ್ಬೊಬ್ಬರದು ಒಂದೊಂದು ಥರ. ಅದನ್ನು ಮೊದಲ ದಿನವೇ ಬಾಯಿಬಿಟ್ಟು ಕೇಳಿ, ರಜೆ ತಿಂಗಳಲ್ಲಿ ಕೊಡಬೇಕಾ ಅಂತಲೂ ಕೇಳಿ. ಇದರಲ್ಲಿ ಸಂಕೋಚ ಬೇಡ, ನಮಗೂ ಅದೇ ಅನುಕೂಲ.

ಸೆಕೆಂಡ್ ಹ್ಯಾಂಡ್ ವಾದ್ಯ ತಗೊಳ್ಳಬಹುದು, ಮೇಷ್ಟ್ರಿಗೆ ತೋರಿಸಿ. ನಮ್ಮ ಊರಿನ ಅಟ್ಟಗಳ ಮೇಲೆ ಎಷ್ಟು ಪಿಟೀಲು ಮಲಗಿವೆ ಅಂತ ನಿಮಗೆ ಗೊತ್ತಿಲ್ಲ. ನೆಂಟರಲ್ಲಿ ಒಮ್ಮೆ ವಿಚಾರಿಸಿ.

ಸಕಲೇಶಪುರದ ಮಳೆಗೆ ವಾದ್ಯ ಉಳಿಯುತ್ತಾ?

ಉಳಿಸಿಕೊಳ್ಳಬೇಕು. ಹಾಸನದಿಂದ ಈಶಾನ್ಯಕ್ಕೆ ಅರಸೀಕೆರೆ ಕಡೆ ಇರುವವರಿಗೆ ಈ ತಲೆನೋವು ಅಷ್ಟಿಲ್ಲ. ಘಟ್ಟದ ಅಂಚಿನ ಮನೆಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗುವುದಿಲ್ಲ, ಇನ್ನು ಮರ, ಚರ್ಮ, ತಂತಿಯ ಗತಿ ಏನು?

ಪಿಟೀಲಿನ ಬಿರಡೆಗಳು ತೇವಕ್ಕೆ ಉಬ್ಬಿ ತಿರುಗುವುದೇ ಇಲ್ಲ. ಬೇಸಿಗೆಯಲ್ಲಿ ಅವೇ ಸಡಿಲವಾಗಿ ಜಾರುತ್ತವೆ. ಇಕ್ಕಳ ಹಾಕಿ ತಿರುಗಿಸಬೇಡಿ, ಮುರಿಯುತ್ತವೆ. ತಂತಿಗೆ ತುಕ್ಕು ಹಿಡಿಯುತ್ತದೆ, ಅದಕ್ಕೆ ನುಡಿಸಿದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಒರೆಸುವುದೊಂದೇ ಉಪಾಯ. ಕಮಾನನ್ನು ಸಡಿಲ ಮಾಡಿಯೇ ಇಡಿ. ಪೆಟ್ಟಿಗೆಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ಆಗಾಗ ಬದಲಿಸಿ. ಮೃದಂಗದ ಚರ್ಮ ತೇವ ಕುಡಿದರೆ ಶ್ರುತಿ ಇಳಿಯುತ್ತದೆ, ಬೂಸ್ಟು ಕೂಡ ಬರುತ್ತದೆ. ಎಡಭಾಗಕ್ಕೆ ಹಚ್ಚಿದ ರವೆಯನ್ನು ನುಡಿಸಿದ ಮೇಲೆ ಪೂರ್ತಿ ಕೆರೆದು ತೆಗೆಯಿರಿ. ಬಿಟ್ಟರೆ ಹುಳ, ಇಲಿ ಎಲ್ಲಕ್ಕೂ ಊಟವಾಗುತ್ತದೆ. ಕೀಬೋರ್ಡಿನ ಒಳಗೆ ಇರುವೆ ಗೂಡು ಕಟ್ಟುತ್ತವೆ, ಬಟ್ಟೆ ಮುಚ್ಚಿಡಿ.

ಒಲೆ ಪಕ್ಕ ಬೆಚ್ಚಗಿರುತ್ತದೆ ಅಂತ ಅಡುಗೆಮನೆಯಲ್ಲಿ ಇಡುವವರಿದ್ದಾರೆ. ದಯವಿಟ್ಟು ಬೇಡ. ಹೊರಗೋಡೆಗೆ ತಾಗದ, ಒಳಕೋಣೆಯ ಮಂಚವೋ ಕಪಾಟೋ ಸಾಕು. ಮತ್ತೆ, ದಿನಾ ನುಡಿಸುವ ವಾದ್ಯಕ್ಕೆ ಬೂಸ್ಟು ಬರುವುದು ಕಡಿಮೆ.

ದಿನಕ್ಕೆ ಎಷ್ಟು ಹೊತ್ತು ಅಭ್ಯಾಸ?

ಏಳೆಂಟು ವರ್ಷದವರಿಗೆ ಹದಿನೈದು ನಿಮಿಷ. ದೊಡ್ಡ ಮಕ್ಕಳಿಗೆ ಅರ್ಧ ಗಂಟೆ. ದಿನಾ. ಭಾನುವಾರ ಒಂದೇ ಸಲ ಮೂರು ಗಂಟೆ ಕೂರಿಸಿದರೆ ಅದು ಲೆಕ್ಕಕ್ಕಿಲ್ಲ. ವಾದ್ಯ ಕೈಗೆ ಸಿಗುವ ಜಾಗದಲ್ಲಿರಲಿ. ಕಪಾಟಿನ ಮೇಲೆ, ಚೀಲದೊಳಗೆ, ಚೀಲದ ಮೇಲೆ ಕಂಬಳಿ ಅಂತಿದ್ದರೆ ತೆಗೆಯುವುದಕ್ಕೇ ಬೇಜಾರು.

ಹಾಸನಾಂಬೆ ಬಾಗಿಲು ತೆಗೆದ ದಿನಗಳಲ್ಲಿ ಮನೆ ತುಂಬ ನೆಂಟರು, ಅಭ್ಯಾಸ ನಿಂತೇ ಹೋಗುತ್ತದೆ. ನಿಲ್ಲಲಿ. "ಎಲ್ಲಿ, ಏನಾದ್ರೂ ನುಡಿಸು ನೋಡೋಣ" ಅಂತ ದೊಡ್ಡಪ್ಪ, ಚಿಕ್ಕಮ್ಮನವರ ಮುಂದೆ ಕೂರಿಸುವುದು ಮಾತ್ರ ಬೇಡ. ಅವನೇ ನುಡಿಸ್ತೀನಿ ಅಂದರೆ ಸರಿ.

ಆರು ತಿಂಗಳಾಯ್ತು, ಇನ್ನೂ ಸರಿಗಮದಲ್ಲೇ ಇದ್ದಾರೆ. ಹಾಡು ಯಾವಾಗ?

ಈ ಪ್ರಶ್ನೆಯ ಹಿಂದಿನ ಅಸಮಾಧಾನ ನನಗೆ ಗೊತ್ತು. ಸರಳೆ ವರಸೆ, ಜಂಟಿ ವರಸೆ, ದಾಟು ವರಸೆ, ಏಳು ತಾಳದ ಅಲಂಕಾರ, ಆಮೇಲೆ ಶುರುವಿನ ಸಣ್ಣ ಹಾಡುಗಳಾದ ಪಿಳ್ಳಾರಿ ಗೀತೆ. ಪುರಂದರದಾಸರು ಹಾಕಿಕೊಟ್ಟ ದಾರಿ ಅಂತ ಪರಂಪರೆಯಲ್ಲಿ ಹೇಳುತ್ತಾರೆ. ಶುರುವಿನ ಪಾಠ ಮಾಯಾಮಾಳವಗೌಳ ರಾಗದಲ್ಲಿ ಇರುವುದಕ್ಕೂ ಕಾರಣ ಇದೆ. ಅದರಲ್ಲಿ ಸ ರಿ ಗ ಮ ಹೇಗೆ ಹತ್ತುತ್ತದೋ ಪ ದ ನಿ ಸ ಕೂಡ ಅದೇ ಅಂತರಗಳಲ್ಲಿ ಹತ್ತುತ್ತದೆ. ಅರ್ಧ ಕಲಿತರೆ ಇನ್ನರ್ಧ ಕೈಗೆ ಬಂದ ಹಾಗೆ. ಇದನ್ನೇ ಒಂದನೇ ಕಾಲ, ಎರಡನೇ ಕಾಲ, ಮೂರನೇ ಕಾಲ ಅಂತ ವೇಗ ಹೆಚ್ಚಿಸಿ ಮಾಡಿಸುವಾಗ ತಾಳ ಮೈಗೆ ಹತ್ತುತ್ತದೆ.

ಸಾಧಾರಣವಾಗಿ ಗೀತೆಗೆ ಬರಲು ಒಂದು ವರ್ಷ ಹಿಡಿಯುತ್ತದೆ. ಅಷ್ಟು ದಿನ ಮಗುವಿಗೆ ಬರೀ ವರಸೆ ಕೊಟ್ಟು ಕಾಯಿಸಬೇಕು ಅನ್ನುವುದನ್ನು ನಾನು ಒಪ್ಪುವುದಿಲ್ಲ. ಮಧ್ಯೆ ಮಧ್ಯೆ ಒಂದು ಸಣ್ಣ ದೇವರನಾಮ, ಒಂದು ನೊಟ್ಟುಸ್ವರ (ಪಾಶ್ಚಾತ್ಯ ಧಾಟಿಯ ಪುಟ್ಟ ಹಾಡು) ಕೊಟ್ಟರೆ ಪಾಠ ಕೆಡುವುದಿಲ್ಲ. ಹಳೇ ಕಾಲದವರು ಇದಕ್ಕೆ ಬೈಯುತ್ತಾರೆ. ಬೈಯಲಿ.

ಶ್ರುತಿ ಪೆಟ್ಟಿಗೆ ಬೇಕಾ, ಮೊಬೈಲ್ ಆಪ್ ಸಾಕಾ?

ಆಪ್ ಸಾಕು. ನುಡಿಸುವಾಗ ಫೋನನ್ನು ಏರೋಪ್ಲೇನ್ ಮೋಡಿನಲ್ಲಿಡಿ, ಇಲ್ಲದಿದ್ದರೆ ತಂಬೂರಿ ನಡುವೆ ಫ್ಯಾಮಿಲಿ ಗ್ರೂಪಿನ ಗುಡ್ ಮಾರ್ನಿಂಗ್ ಬರುತ್ತದೆ. ಯಾವ ಮನೆಗೆ, ಅಂದರೆ ಹಾರ್ಮೋನಿಯಮ್ಮಿನ ಎಷ್ಟನೇ ಕೀಗೆ, ಶ್ರುತಿ ಇಡಬೇಕು ಅಂತ ಮೇಷ್ಟ್ರು ಹೇಳುತ್ತಾರೆ. ಮಕ್ಕಳಿಗೆ, ಹೆಂಗಸರಿಗೆ ಸಾಮಾನ್ಯವಾಗಿ ಐದು ಐದೂವರೆ ಮನೆಯ ಹತ್ತಿರ, ಗಂಡಸರಿಗೆ ಒಂದರ ಹತ್ತಿರ.

ಮಗನಿಗೆ ಹದಿಮೂರು, ಗಂಟಲು ಒಡೆದಿದೆ. ಹಾಡುಗಾರಿಕೆ ನಿಲ್ಲಿಸಲಾ?

ನಿಲ್ಲಿಸಬೇಡಿ, ಶ್ರುತಿ ಇಳಿಸಿ. ಮೇಲಿನ ಸ್ವರಕ್ಕೆ ಒತ್ತಾಯ ಬೇಡ. ಒಂದಷ್ಟು ತಿಂಗಳು ತಾಳ, ಸ್ವರ ಗುರುತಿಸುವುದು, ಇಲ್ಲ ಒಂದು ವಾದ್ಯ, ಹೀಗೆ ಕಳೆಯಬಹುದು. ಪಕ್ಕದಲ್ಲಿ ಕೂತ ಹುಡುಗಿಯರು ನಗುತ್ತಾರೆ ಅನ್ನುವುದೇ ಅವನಿಗೆ ದೊಡ್ಡ ಸಂಕಟ, ಅದನ್ನು ಮೇಷ್ಟ್ರ ಕಿವಿಗೆ ಹಾಕಿ.

ಆನ್‌ಲೈನ್ ಕ್ಲಾಸು ಆಗುತ್ತಾ?

ಎರಡನೇ ವರ್ಷದಿಂದ ಆಗುತ್ತದೆ. ಮೊದಲ ವರ್ಷ ಕೈ ಹಿಡಿದು ಕಮಾನು, ಬೆರಳು, ಕೂರುವ ಭಂಗಿ ತಿದ್ದಬೇಕು, ಅದು ಪರದೆಯಲ್ಲಿ ಆಗದ ಕೆಲಸ. ಇಬ್ಬರೂ ಒಟ್ಟಿಗೆ ನುಡಿಸಲೂ ಆಗುವುದಿಲ್ಲ, ಸದ್ದು ಒಂದು ಕ್ಷಣ ತಡವಾಗಿ ತಲುಪುತ್ತದೆ, ತಾಳ ಹಳ್ಳ ಹಿಡಿಯುತ್ತದೆ. ಒಬ್ಬರಾದ ಮೇಲೆ ಒಬ್ಬರು ನುಡಿಸಬೇಕು. ತೋಟದ ಕಡೆ ನೆಟ್‌ವರ್ಕ್ ಸಿಗುವ ಒಂದೇ ಜಾಗ ಕಣದ ಮೂಲೆ ಆಗಿದ್ದರೆ ಏನು ಮಾಡಬೇಕು ಅಂತ ನೀವೇ ಹೇಳಿ! ಹದಿನೈದು ದಿನಕ್ಕೊಮ್ಮೆ ನೇರ ಪಾಠ, ನಡುವೆ ರೆಕಾರ್ಡ್ ಮಾಡಿ ಕಳಿಸುವುದು, ಈ ಏರ್ಪಾಡು ಕೆಲವರಿಗೆ ಚೆನ್ನಾಗಿ ನಡೆದಿದೆ.

ನನಗೆ ನಲವತ್ತೈದು. ತಡವಾಯ್ತಾ?

ಕಚೇರಿ ಮಾಡಬೇಕು ಅಂತಿದ್ದರೆ ತಡ. ನುಡಿಸಬೇಕು ಅಂತಿದ್ದರೆ ಇಲ್ಲ. ದೊಡ್ಡವರಿಗೆ ಬೆರಳು ನಿಧಾನ, ಅರ್ಥವಾಗುವುದು ಬೇಗ. ನೆಲದ ಮೇಲೆ ಕೂರಲು ಮಂಡಿ ಬಿಡದಿದ್ದರೆ ಕುರ್ಚಿ ಮೇಲೆ ಕೂತು ಕಲಿಯಿರಿ, ಯಾರೂ ಏನೂ ಅನ್ನುವುದಿಲ್ಲ. ದೊಡ್ಡವರ ನಿಜವಾದ ತೊಂದರೆ ನಾಚಿಕೆ. ಎಂಟು ವರ್ಷದ ಮಗು ನಿಮಗಿಂತ ಮುಂದೆ ಹೋಗುತ್ತದೆ, ಅದಕ್ಕೆ ಮೊದಲೇ ಸಿದ್ಧರಾಗಿ.

ನನ್ನ ಮಗಳಿಗೆ ಶ್ರುತಿ ಸೇರುವುದೇ ಇಲ್ಲ. ಸುಮ್ನೆ ದುಡ್ಡು ದಂಡ ಅಲ್ವಾ?

ಮೊದಲ ವರ್ಷ ಈ ಮಾತು ಆಡಬೇಡಿ, ಅವಳ ಮುಂದಂತೂ ಬೇಡವೇ ಬೇಡ. ಶ್ರುತಿ ಕೇಳಿ ಕೇಳಿ ಬರುವಂಥದ್ದು. ದಿನಾ ಐದು ನಿಮಿಷ ತಂಬೂರಿ ಹಾಕಿ ಬರೀ ಸ ಹಿಡಿಸಿ.

ಪಕ್ಕದ ಮನೆಯವರು ಬೈತಾರೆ.

ಕೀಬೋರ್ಡಿಗೆ ಹೆಡ್‌ಫೋನ್ ಇದೆ. ಪಿಟೀಲಿನ ಕುದುರೆಗೆ ಸಿಕ್ಕಿಸುವ ಮ್ಯೂಟ್ ಸಿಗುತ್ತದೆ, ಬೆಲೆ ಕಡಿಮೆ. ಮೃದಂಗಕ್ಕೆ ಸಂಜೆ ಹೊತ್ತು ಆರಿಸಿಕೊಳ್ಳಿ, ಬೆಳಗಿನ ಐದೂವರೆ ಬೇಡ.

ಎಡಗೈ ಬಳಸುವ ಮಗು?

ಮೃದಂಗ, ತಬಲಾ ತಿರುಗಿಸಿಟ್ಟುಕೊಂಡು ನುಡಿಸುವವರು ಬಹಳ ಜನ ಇದ್ದಾರೆ. ಗಿಟಾರಿನಲ್ಲಿ ಎಡಗೈಯವರದ್ದು ಬೇರೆ ಸಿಗುತ್ತದೆ. ಪಿಟೀಲು, ವೀಣೆಯಲ್ಲಿ ಎಲ್ಲರ ಹಾಗೇ ಕಲಿಸುತ್ತೇವೆ. ಹೇಗೂ ಎರಡು ಕೈಗೂ ಕೆಲಸ ಇರುತ್ತದೆ.

ಪರೀಕ್ಷೆ ಕಟ್ಟಿಸಬೇಕಾ?

ಸರ್ಕಾರದ ಜೂನಿಯರ್, ಸೀನಿಯರ್, ವಿದ್ವತ್ ಪರೀಕ್ಷೆಗಳಿವೆ. ಹಿಂದೂಸ್ತಾನಿಯವರಿಗೆ ಗಾಂಧರ್ವ ಮಹಾವಿದ್ಯಾಲಯ ಮಂಡಲದ್ದು, ಗಿಟಾರ್, ಕೀಬೋರ್ಡಿನವರಿಗೆ ಲಂಡನ್ನಿನ ಟ್ರಿನಿಟಿ ಕಾಲೇಜಿನ ಗ್ರೇಡುಗಳು. ಮುಂದೆ ಪದವಿಯನ್ನೇ ಸಂಗೀತದಲ್ಲಿ ಮಾಡುವವರಿಗೆ ಮೈಸೂರಿನಲ್ಲಿ ಗಂಗೂಬಾಯಿ ಹಾನಗಲ್ ಸಂಗೀತ ವಿಶ್ವವಿದ್ಯಾಲಯವಿದೆ. ಒಂದು ಗುರಿ ಇದ್ದರೆ ಕೆಲವು ಮಕ್ಕಳು ಚೆನ್ನಾಗಿ ಅಭ್ಯಾಸ ಮಾಡುತ್ತಾರೆ. ಇನ್ನು ಕೆಲವರು ಪರೀಕ್ಷೆಯ ಪಾಠ ಬಿಟ್ಟು ಬೇರೇನೂ ಮುಟ್ಟುವುದಿಲ್ಲ. ಎರಡು ಮೂರು ವರ್ಷ ಆಗುವವರೆಗೆ ಪರೀಕ್ಷೆಯ ಮಾತೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಎರಡೇ ವರ್ಷಕ್ಕೆ ಜೂನಿಯರ್ ಪಾಸ್ ಮಾಡಿಸಿಕೊಡುತ್ತೇವೆ ಅನ್ನುವವರನ್ನು ಕಂಡರೆ ಸ್ವಲ್ಪ ದೂರ ಇರಿ.

ಹತ್ತನೇ ಕ್ಲಾಸು ಬಂತು, ಬಿಡಿಸ್ತೀವಿ ಮಿಸ್.

ಪಾಠ ಕಡಿಮೆ ಮಾಡಿ, ಪೂರ್ತಿ ಬಿಡಿಸಬೇಡಿ. ತಿಂಗಳಿಗೆ ಎರಡು ಪಾಠ, ದಿನಕ್ಕೆ ಹತ್ತು ನಿಮಿಷ. ಒಂದು ವರ್ಷಕ್ಕೆ ಅಂತ ಬಿಟ್ಟವರು ಆಮೇಲೆ ಪಿಯುಸಿ, ಸಿಇಟಿ ಅಂತ ತಿರುಗಿ ಬರುವುದೇ ಇಲ್ಲ. ಹಾಗೆ ಹೋದವರ ಪಿಟೀಲುಗಳೇ ಆಗ ಹೇಳಿದ ಅಟ್ಟದ ಮೇಲೆ ಇರುವುದು.

ಮಗುವೇ ಬೇಡ ಅಂದರೆ ಕಾರಣ ಕೇಳಿ. ವಾದ್ಯ ಬೇಡವಾ, ಮೇಷ್ಟ್ರು ಬೇಡವಾ, ಆ ಹೊತ್ತಿನಲ್ಲಿ ಕ್ರಿಕೆಟ್ ಇದೆಯಾ? ಕೊನೆಯದಾದರೆ ಸಮಯ ಬದಲಿಸಿದರೆ ಮುಗಿಯಿತು.

ಕೇಳಿಸಲು ಎಲ್ಲಿಗೆ ಕರೆದುಕೊಂಡು ಹೋಗಲಿ?

ರುದ್ರಪಟ್ಟಣಕ್ಕೆ. ಅರಕಲಗೂಡು ತಾಲ್ಲೂಕಿನಲ್ಲಿ ಕಾವೇರಿ ದಂಡೆಯ ಊರು. ಹೆಸರಾದ ಗಾಯಕರು ಆರ್.ಕೆ. ಶ್ರೀಕಂಠನ್, ರುದ್ರಪಟ್ಟಣಂ ಸೋದರರು, ಆರ್.ಕೆ. ಪದ್ಮನಾಭ ಎಲ್ಲರ ಬೇರು ಅಲ್ಲಿದೆ. 1920ರಲ್ಲಿ ಹುಟ್ಟಿದ ಶ್ರೀಕಂಠನ್ ಅವರು ತೊಂಬತ್ತು ದಾಟಿದ ಮೇಲೂ ಕಚೇರಿ ಮಾಡಿದವರು. ಅಲ್ಲಿ ತಂಬೂರಿ ಆಕಾರದಲ್ಲೇ ಕಟ್ಟಿರುವ ಸಪ್ತಸ್ವರ ದೇವತಾ ಧ್ಯಾನ ಮಂದಿರ ಮಕ್ಕಳಿಗೆ ಬಹಳ ಇಷ್ಟವಾಗುತ್ತದೆ. ವರ್ಷಕ್ಕೊಮ್ಮೆ ಸಂಗೀತೋತ್ಸವವೂ ನಡೆಯುತ್ತದೆ.

ಹಾಸನದಲ್ಲೇ ಆದರೆ ಕಲಾಕ್ಷೇತ್ರದ ಕಾರ್ಯಕ್ರಮಗಳು, ರಾಮನವಮಿ, ಗಣೇಶನ ಪೆಂಡಾಲಿನ ಕಚೇರಿಗಳು. ಮುಂದಿನ ಸಾಲಿನಲ್ಲಿ ಕೂರಿಸಿ, ಬೆರಳು ಕಾಣಬೇಕು. ಸಾಕಾಯ್ತು ಅಂದ ಕೂಡಲೇ ಎದ್ದು ಬನ್ನಿ. ಬೇಲೂರು, ಹಳೇಬೀಡಿಗೆ ನೆಂಟರನ್ನು ಕರೆದೊಯ್ಯುವಾಗ ಗೋಡೆಯಲ್ಲಿ ಮದ್ದಳೆ, ಕೊಳಲು, ತಾಳ ಹಿಡಿದವರನ್ನು ಎಣಿಸಲು ಹೇಳಿ, ಗೈಡಿನ ಮಾತಿಗಿಂತ ಅದು ಚೆನ್ನಾಗಿರುತ್ತದೆ.

ವಿಜಯದಶಮಿವರೆಗೆ ಕಾಯಲಾ? ಮೊದಲ ದಿನ ಏನು ತರಬೇಕು?

ವಿಜಯದಶಮಿ ಒಳ್ಳೆಯ ದಿನ, ಆದರೆ ಜೂನ್‌ನಲ್ಲಿ ಕೇಳಿ ಅಕ್ಟೋಬರ್‌ವರೆಗೆ ಕಾದರೆ ಮಗುವಿನ ಆಸೆ ಆರಿಹೋಗುತ್ತದೆ. ಯಾವುದಾದರೂ ಗುರುವಾರ ಬನ್ನಿ. ಮನೆಯ ರೂಢಿಯಂತೆ ಎಲೆ ಅಡಿಕೆ, ಹಣ್ಣು ಇಟ್ಟು ನಮಸ್ಕಾರ ಮಾಡಿಸುವುದಿದ್ದರೆ ಸಂತೋಷ, ಇಲ್ಲದಿದ್ದರೂ ಪಾಠ ನಿಲ್ಲುವುದಿಲ್ಲ. ವಾದ್ಯ ಬೇಡ, ಅದನ್ನು ಎರಡನೇ ವಾರ ಮಾತಾಡೋಣ. ನೂರು ಪುಟದ ಒಂದು ನೋಟ್‌ಬುಕ್, ಒಂದು ಪೆನ್ಸಿಲ್, ಕುಡಿಯಲು ನೀರು ತನ್ನಿ. ಪಾಠ ರೆಕಾರ್ಡ್ ಮಾಡಿಕೊಳ್ಳುವುದಾದರೆ ಮೊದಲು ಕೇಳಿ. ಎಡಗೈ ಉಗುರು ಮಾತ್ರ ಹಿಂದಿನ ರಾತ್ರಿಯೇ ಕತ್ತರಿಸಿರಲಿ.